ಗವರ್ನರ್ ವಿಲಿಯಂ ಫ್ರಾಂಕ್ಲಿನನ ವೃತ್ತಾಂತ

ಗಾಳಿಪಟದಿಂದ ಮಿಂಚನ್ನು ಪರೀಕ್ಷಿಸಿದ ಬೆಂಜಮಿನ್ ಫ್ರಾಂಕ್ಲಿನನನ್ನು ವಾಚಕರು ಬಲ್ಲರು. ಅವನ ಮಗನ ವೃತ್ತಾಂತವನ್ನು ಇಲ್ಲಿ ಹೇಳುತ್ತೇವೆ. ವಿಲಿಯಮನು 1763ರಲ್ಲಿ ಅಮೇರಿಕದ ನ್ಯೂಜರ್ಸಿ ಸೀಮೆಗೆ ಇಂಗ್ಲಿಷ್ ಅರಸನ ಗವರ್ನರನಾದನು. ದಂಗೆಯೆದ್ದಾಗ ತಂದೆಯು ಜನರ ಪಕ್ಷವನ್ನು ಹಿಡಿದನು. ಮಗನು ಅರಸನಿಗೆ ಮಾಡಿದ ಪ್ರಮಾಣವನ್ನು ಬಿಡಲೊಲ್ಲದೆ ನಿಂತನು. 1776ರ ಜೂನಿನಲ್ಲಿ ದಂಗೆಯವರು ಅವನನ್ನು ಹಿಡಿದು ಕನೆಕ್ಟಿಕಟ್ ಸೀಮೆಗೆ ಒಯ್ದರು. ಅಲ್ಲಿ ಸುಮ್ಮನಿರುವೆನೆಂದು ಮಾತು ಕೊಟ್ಟರೂ ಗುಟ್ಟಾಗಿ ಅರಸನ ಕ್ಷಮಾಪತ್ರಗಳನ್ನು ಹಂಚಿದನು; ಇದನ್ನು ನಾವು ಮೆಚ್ಚಲಾರೆವು. ಆದುದರಿಂದ 1777ರಲ್ಲಿ ಅವನನ್ನು ಒಂಟಿ ಸೆರೆಯಲ್ಲಿ ಹಾಕಿದರು. ಆಗಲೇ ಹೆಂಡತಿ ಎಲಿಜಬೆತಳು ನ್ಯೂಯಾರ್ಕಿನಲ್ಲಿ ಮರಣಾವಸ್ಥೆಯಲ್ಲಿದ್ದಳು. ಒಮ್ಮೆ ನೋಡಿ ಬರುವೆನೆಂದು ಬೇಡಿಕೊಂಡರೂ ಅಪ್ಪಣೆಯಾಗಲಿಲ್ಲ. ಜುಲೈಯಲ್ಲಿ ಅವಳು ತೀರಿಹೋದಳು. ಮರುವರುಷ ಅವನಿಗೆ ಬಿಡುಗಡೆಯಾಯಿತು. 1785ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ರೇವಿನಲ್ಲಿ ತಂದೆಯೂ ಮಗನೂ ಕೂಡಿ, ಭೂಮಿ ಸಾಲಗಳ ಲೆಕ್ಕವನ್ನು ತೀರಿಸಿ ಅಗಲಿದರು. ಮತ್ತೆ ಒಬ್ಬರನ್ನೊಬ್ಬರು ಕಾಣಲಿಲ್ಲ.