ಹೆಸರು ಹಾಕದ ಡ್ರಿಲ್ ಮಾಸ್ತರ್

ಈ ಸಲದ ಸಂಚಿಕೆಗೆ ಒಂದು ಕವನ ಹೆಸರಿಲ್ಲದೆ ಬಂತು. ಹೆಸರೇ ಬೇಡ ಅಂದಮೇಲೆ ಬರೆದದ್ದಾದರೂ ಯಾಕೆ ಅಂತ ನಮ್ಮೊಳಗೆ ಅರ್ಧ ಗಂಟೆ ವಾದ ಆಯ್ತು. ಆಗ ನೆನಪಾದವರು ಮುದ್ದಣ. ಪಿಯುಸಿಯಲ್ಲಿ ಕನ್ನಡ ತಗೊಂಡವರಿಗೆ ಮುದ್ದಣ ಅಂದಕೂಡಲೇ ಮನೋರಮೆ ನೆನಪಾಗ್ತಾಳೆ. ಇಂಗ್ಲಿಷ್ ಮೀಡಿಯಂನ ನಮ್ಮಂಥವರಿಗೆ ಕಠಿಣ ಪದಗಳ ಅರ್ಥ ಬಾಯಿಪಾಠ ಮಾಡಿದ್ದೂ ನೆನಪಾಗುತ್ತೆ. ಆದರೆ ಅದನ್ನು ಬರೆದವರು ಒಬ್ಬ ಪಿಟಿ ಸರ್ ಅನ್ನೋದು ಆಗ ನಮ್ಮ ತಲೆಗೆ ಹೋಗಿರಲಿಲ್ಲ.

ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870ರಲ್ಲಿ, ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ. ಮನೆಯಲ್ಲಿ ಬಡತನ, ಹಾಗಾಗಿ ಓದು ಮುಂದಕ್ಕೆ ಹೋಗಲಿಲ್ಲ. ಮದ್ರಾಸಿನಲ್ಲಿ ವ್ಯಾಯಾಮದ ತರಬೇತಿ ಪಡೆದು ಬಂದು ಡ್ರಿಲ್ ಮಾಸ್ತರ್ ಆದರು. ಕರಾವಳಿಯವರು, ಯಕ್ಷಗಾನ ಬಿಡೋಕಾಗುತ್ತಾ? ರತ್ನಾವತೀ ಕಲ್ಯಾಣ, ಕುಮಾರ ವಿಜಯ ಅಂತ ಎರಡು ಪ್ರಸಂಗ ಬರೆದರು.

ಆಮೇಲೆ ಬಂದವು ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ರಾಮಾಶ್ವಮೇಧ. ಆಗ ಮೈಸೂರಿನಲ್ಲಿ ಹಳೇ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕುವ ಕೆಲಸ ಜೋರಾಗಿ ನಡೀತಿತ್ತು. ಇವರು ತಮ್ಮ ಬರಹವನ್ನು ಅಲ್ಲಿಗೇ ಕಳಿಸಿದರು. ನಾನು ಬರೆದದ್ದು ಅಂತ ಅಲ್ಲ, ಹಿಂದಿನ ಯಾವುದೋ ಕವಿಯದ್ದು ಅಂತ! ಪಟ್ಟಾಭಿಷೇಕಕ್ಕೆ ಮಹಾಲಕ್ಷ್ಮಿ ಅನ್ನೋ ಹೆಸರು ಕೊಟ್ಟರು. ಅದು ಅವರ ಅಮ್ಮನ ಹೆಸರು. ಮುದ್ದಣ ಅನ್ನೋದೂ ಚಿಕ್ಕಂದಿನಲ್ಲಿ ಮನೆಯಲ್ಲಿ ಕರೀತಿದ್ದ ಮುದ್ದಿನ ಹೆಸರೇ. ನಾವು ಪಕ್ಕದವನ ಕೋಡ್ ಕಾಪಿ ಮಾಡಿ ನಮ್ಮ ಯುಎಸ್‌ಎನ್ ಹಾಕ್ತೀವಿ, ಇವರದ್ದು ಪೂರ್ತಿ ಉಲ್ಟಾ.

ಡ್ರಿಲ್ ಮಾಸ್ತರ್ ಬರೆದ ಕಾವ್ಯ ಅಂದರೆ ಪಂಡಿತರು ತೆರೆದೂ ನೋಡಲ್ಲ ಅನ್ನೋ ಅಳುಕು ಇತ್ತು ಅಂತ ಹೇಳ್ತಾರೆ. ಇರಬಹುದು. ಆದರೆ ಅದು ಹೆಸರು ಮುಚ್ಚಿಟ್ಟದ್ದಕ್ಕೆ ಕಾರಣ, ಬರೆದದ್ದಕ್ಕೆ ಅಲ್ಲ. ಹೆಸರೂ ಬೇಡ ಅಂದವರು ಅಷ್ಟೆಲ್ಲ ಕಷ್ಟಪಟ್ಟು ಯಾಕೆ ಬರೆದರು?

ರಾಮಾಶ್ವಮೇಧದ ಶುರುವಿನಲ್ಲೇ ಉತ್ತರ ಇದೆ ಅಂತ ನಮಗನ್ನಿಸುತ್ತೆ. ಮಳೆಗಾಲ. ಮುದ್ದಣ ಅರಮನೆಯಿಂದ ದಣಿದು ಮನೆಗೆ ಬರ್ತಾನೆ. ಮನೋರಮೆ ಉಪಚಾರ ಮಾಡಿ, ಹೊತ್ತು ಹೋಗ್ತಿಲ್ಲ, ಕಥೆ ಹೇಳು ಅಂತಾಳೆ. ಪದ್ಯದಲ್ಲಾ ಗದ್ಯದಲ್ಲಾ ಅಂತ ಕೇಳಿದರೆ ಪದ್ಯ ಬೇಡ ಅಂತಾಳೆ. ಸಂಸ್ಕೃತ ತುಂಬಿಸಿ ಶುರು ಮಾಡಿದರೆ ಅದೂ ಬೇಡ, ಅರ್ಥ ಆಗೋ ಕನ್ನಡ ಬೇಕು. ಕಥೆಯ ಮಧ್ಯೆ ಮಧ್ಯೆ ಬಾಯಿ ಹಾಕ್ತಾಳೆ, ಅವನನ್ನೇ ಗೇಲಿ ಮಾಡ್ತಾಳೆ. ಮನೋರಮೆ ಅಂದರೆ ಅವರ ಹೆಂಡತಿ ಕಮಲಾಬಾಯಿಯೇ ಅನ್ನೋರೂ ಇದ್ದಾರೆ. ಅದೇನೇ ಇರಲಿ, ಹಳೇ ಕವಿಯ ವೇಷ ಹಾಕಿಕೊಂಡ ಮನುಷ್ಯ ತನ್ನ ಮುದ್ದಿನ ಹೆಸರನ್ನೇ ಒಳಗಿಟ್ಟು, ಎದುರಿಗೆ ಕೇಳೋಳೊಬ್ಬಳನ್ನು ಕೂರಿಸಿಕೊಂಡ. ಹೊಗಳೋರು ಬೇಕಿರಲಿಲ್ಲ, ಮುಂದೇನಾಯ್ತು ಅಂತ ಕೇಳೋರು ಬೇಕಿತ್ತು. ಅಲ್ಲೇ ವೇಷ ಸ್ವಲ್ಪ ಜಾರಿದೆ ಕೂಡ. ಇಂಥಾ ಮನೋರಮೆ ಯಾವ ಹಳೇ ಕಾವ್ಯದಲ್ಲಿ ಸಿಗ್ತಾಳೆ?

ಕ್ಷಯ ರೋಗ ಬಂದು 1901ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 31 ವರ್ಷ. ಆ ಹಳೇ ಕವಿ ಇವರೇ ಅಂತ ನಾಡಿಗೆಲ್ಲ ಗೊತ್ತಾದದ್ದು ಆಮೇಲೆ.

ನಮಗೆ ಬಂದ ಕವನ ಇದರ ಕೆಳಗಿದೆ. ಬರೆದವರು ಯಾರು ಅಂತ ನಾವು ಹುಡುಕಿಲ್ಲ.