ಪಟ್ಟಿಯ ಕೊನೆಯ ವಿಷಯ

ಕಳೆದ ತಿಂಗಳು ಒಂದು ಸಂದರ್ಶನಕ್ಕೆ ಹೋಗಿದ್ದೆ. ಬಯೊಡೇಟಾದ ಕೊನೆಯ ಸಾಲಿನಲ್ಲಿ ಅಂದಕ್ಕೆಂದು ಬರೆದಿದ್ದ ವಿಷಯವನ್ನೇ ಕೇಳಿದರು. ತಡವರಿಸಿ ಹೊರಬಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ನೆನಪಾದದ್ದು, ಎಂಎಸ್ಸಿಯಲ್ಲಿ ಮೇಷ್ಟ್ರು ಹೇಳಿದ್ದ ಗಣಿತಜ್ಞ ಬರ್ನ್‌ಹಾರ್ಡ್ ರೀಮನ್‌ನ ಕಥೆ.

ರೀಮನ್ ಹುಟ್ಟಿದ್ದು 1826ರಲ್ಲಿ, ಜರ್ಮನಿಯ ಒಂದು ಹಳ್ಳಿಯಲ್ಲಿ. ಅಪ್ಪ ಬಡ ಪಾದ್ರಿ. ಮನೆಯಲ್ಲಿ ಆರು ಮಕ್ಕಳು. ಧರ್ಮಶಾಸ್ತ್ರ ಓದಲು ಗಟ್ಟಿಂಗೆನ್ ವಿಶ್ವವಿದ್ಯಾಲಯ ಸೇರಿದವನು ಅಪ್ಪನ ಒಪ್ಪಿಗೆ ಪಡೆದು ಗಣಿತಕ್ಕೆ ಬಂದ. ಮಹಾ ಸಂಕೋಚದ ಹುಡುಗ. ನಾಲ್ಕು ಜನರ ಮುಂದೆ ಮಾತನಾಡುವುದೆಂದರೆ ಅವನಿಗೆ ಹಿಂಸೆ.

ಅಲ್ಲಿ ಪಾಠ ಮಾಡುವ ಅರ್ಹತೆ ಪಡೆಯಲು ಒಂದು ಉಪನ್ಯಾಸ ಕೊಡಬೇಕಿತ್ತು. ರೀಮನ್ ಮೂರು ವಿಷಯ ಬರೆದುಕೊಟ್ಟು, ಮೊದಲ ಎರಡಕ್ಕೆ ಮಾತ್ರ ತಯಾರಾಗಿದ್ದ. ಹಿರಿಯ ಗಣಿತಜ್ಞ ಗೌಸ್ ಆರಿಸಿದ್ದು ಮೂರನೆಯದನ್ನು: ರೇಖಾಗಣಿತದ ಬುನಾದಿ. ಅಷ್ಟರಲ್ಲಿ ಆರೋಗ್ಯವೂ ಕೆಟ್ಟಿತು. ಚೇತರಿಸಿಕೊಂಡು ಮತ್ತೆ ಓದಿಗೆ ಕುಳಿತ. 1854ರ ಜೂನ್ 10ರಂದು ಉಪನ್ಯಾಸ ಕೊಟ್ಟ.

ಸಮತಟ್ಟಾದ ಹಾಳೆಯ ಮೇಲೆ ತ್ರಿಕೋನ ಎಳೆದರೆ ಕೋನಗಳ ಮೊತ್ತ 180 ಡಿಗ್ರಿ. ಚೆಂಡಿನ ಮೇಲೆ ಎಳೆದರೆ ಅದಕ್ಕಿಂತ ಹೆಚ್ಚು. ಕುದುರೆಯ ಜೀನಿನಂತೆ ಬಾಗಿದ ಮೇಲ್ಮೈಯಲ್ಲಿ ಕಡಿಮೆ. ಈ ವಕ್ರತೆಯನ್ನು ಹೊರಗೆ ನಿಂತು ನೋಡಬೇಕಿಲ್ಲ, ಮೇಲ್ಮೈಯೊಳಗಿನ ಅಳತೆಗಳಿಂದಲೇ ತಿಳಿಯಬಹುದು ಎಂದು ಗೌಸ್ ಮೊದಲೇ ತೋರಿಸಿದ್ದ. ರೀಮನ್ ಆ ವಿಚಾರವನ್ನು ಎಷ್ಟೇ ಆಯಾಮಗಳ ಅವಕಾಶಕ್ಕೂ ವಿಸ್ತರಿಸಿದ. ಗೌಸ್ ಬೆರಗಾದ. 1915ರಲ್ಲಿ ಐನ್‌ಸ್ಟೈನ್ ಗುರುತ್ವವನ್ನು ವಿವರಿಸಿದ್ದು ಇದೇ ಗಣಿತದಿಂದ. ವಕ್ರತೆ ಇಂತಿಷ್ಟು ಮೀರಬಾರದೆಂದು ಮಿತಿ ಹಾಕಿದರೆ ಆ ಅವಕಾಶ ಹೇಗಿರುತ್ತದೆ ಎಂದು ಗಣಿತಜ್ಞರು ಇಂದಿಗೂ ಹುಡುಕುತ್ತಿದ್ದಾರೆ. ಅಲ್ಲಿನ ತ್ರಿಕೋನಗಳ ಗುಣ ಗ್ರೂಪ್ ಥಿಯರಿಗೂ ದಾರಿ ತೋರಿದೆ.

ಇಷ್ಟಾದರೂ ರೀಮನ್‌ಗೆ ತಕ್ಷಣ ಸಂಬಳದ ಕೆಲಸ ಸಿಗಲಿಲ್ಲ. ವಿದ್ಯಾರ್ಥಿಗಳು ಕೊಡುವ ಶುಲ್ಕವೇ ಆದಾಯ; ಮೊದಲ ಕೋರ್ಸಿಗೆ ಬಂದವರು ಎಂಟೇ ಮಂದಿ. ಪೂರ್ಣ ಪ್ರಾಧ್ಯಾಪಕನಾದದ್ದು 1859ರಲ್ಲಿ. ಏಳು ವರ್ಷಕ್ಕೆ, ಕ್ಷಯದಿಂದ ಬಳಲಿ, ಇಟಲಿಯಲ್ಲಿ ತೀರಿಕೊಂಡ. ಆಗ ಅವನಿಗೆ 39 ವರ್ಷ. ಆ ಉಪನ್ಯಾಸ ಅಚ್ಚಾದದ್ದೂ ಅವನು ಹೋದ ಮೇಲೆಯೇ.

ಮೂರನೇ ವಿಷಯವನ್ನು ಪಟ್ಟಿಗೆ ಸೇರಿಸಿದ್ದು ಗೌಸ್ ಅಲ್ಲ, ರೀಮನ್ನೇ. ನನ್ನ ಬಯೊಡೇಟಾದ ಕೊನೆಯ ಸಾಲನ್ನು ಬರೆದದ್ದೂ ನಾನೇ. ಅವನು ಬರೆದದ್ದಕ್ಕೆ ಹೊಣೆಯಾದ. ನಾನು ಪ್ರಶ್ನೆ ಕೇಳಿದವರನ್ನು ಬೈದುಕೊಂಡು ಬಸ್ ಹತ್ತಿದ್ದೆ.

ಮೊನ್ನೆ ಮತ್ತೊಂದು ಕಡೆ ಅರ್ಜಿ ಹಾಕಿದ್ದೇನೆ. ಆ ಸಾಲನ್ನು ಅಳಿಸಿಲ್ಲ. ಈ ಸಲ ಓದು ಅಲ್ಲಿಂದಲೇ ಶುರುವಾಗಿದೆ.