ಮೈಮೊನಿಡೀಸ್: ಬಲವಂತದ ಮತಾಂತರ ಮತ್ತು ‘ತೆಷುವಾ’ದ ಪರಿಕಲ್ಪನೆ

ಯೆಹೂದಿ ಸಂಪ್ರದಾಯದಲ್ಲಿ ಪಶ್ಚಾತ್ತಾಪವನ್ನು ಸೂಚಿಸುವ ‘ತೆಷುವಾ’ ಎಂಬ ಹೀಬ್ರೂ ಪದದ ಮೂಲಾರ್ಥ ಮರಳುವಿಕೆ. ಪರಿತಪಿಸುವ ಮನಸ್ಸಿಗಿಂತ ಹಿಂದಿರುಗುವ ಕ್ರಿಯೆಗೆ ಇಲ್ಲಿ ಪ್ರಾಧಾನ್ಯ. ತಾಲ್ಮುದಿನಲ್ಲಿ ಚದುರಿದ್ದ ಈ ವಿಚಾರಗಳನ್ನು ಧರ್ಮಸಂಹಿತೆಯೊಳಗೆ ಹತ್ತು ಅಧ್ಯಾಯಗಳ ಪ್ರತ್ಯೇಕ ಪ್ರಕರಣವಾಗಿ ಕ್ರೋಡೀಕರಿಸಿದವನು ಮೋಶೆ ಬೆನ್ ಮೈಮೋನ್, ಅಂದರೆ ಮೈಮೊನಿಡೀಸ್.

ಈತ 1138ರಲ್ಲಿ (1135 ಎಂಬುದು ಹಳೆಯ ಗಣನೆ) ಸ್ಪೇನಿನ ಕೊರ್ಡೊಬಾದಲ್ಲಿ ಜನಿಸಿದನು. ತಂದೆ ಧರ್ಮನ್ಯಾಯಾಧೀಶ. 1148ರಲ್ಲಿ ನಗರವು ಅಲ್‌ಮೊಹಾದರ ವಶವಾಗಿ, ಇಸ್ಲಾಮನ್ನು ಒಪ್ಪುವ ಇಲ್ಲವೆ ನಾಡನ್ನು ತೊರೆಯುವ ಸಂಕಟ ಅಲ್ಲಿನ ಯೆಹೂದ್ಯರಿಗೆ ಒದಗಿತು. ಹಲವು ವರ್ಷ ಅಲೆದ ಕುಟುಂಬವು 1160ರ ಸುಮಾರಿಗೆ ಮೊರಾಕ್ಕೊದ ಫೆಜ್ ಸೇರಿತು. ಅದೂ ಅಲ್‌ಮೊಹಾದರ ಆಳ್ವಿಕೆಯ ನಗರವೇ ಎಂಬುದು ವಿಚಿತ್ರ. ಮೈಮೊನಿಡೀಸನೂ ಹೊರನೋಟಕ್ಕೆ ಮುಸ್ಲಿಮನಾಗಿ ಬಾಳಿದನೆಂದು ಅರಬ್ಬೀ ಚರಿತ್ರಕಾರ ಇಬ್ನ್ ಅಲ್-ಕಿಫ್ತಿ ಹೇಳುತ್ತಾನೆ. ಈ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಿವಾದ ಬಗೆಹರಿಯದಿದ್ದರೂ ಅವನ ನಿಲುವನ್ನು ಅರಿಯಲು ಆಧಾರವಿದೆ.

ಬಲವಂತದ ಮತಾಂತರವನ್ನು ಕುರಿತ ಅವನ ಪತ್ರವೇ ಆ ಆಧಾರ. (ಇದರ ಕರ್ತೃತ್ವವನ್ನು ಕೆಲವರು ಶಂಕಿಸಿದ್ದುಂಟು.) ಪ್ರಾಣಭಯದಿಂದ ಇಸ್ಲಾಮಿನ ಸಾಕ್ಷ್ಯವಚನವನ್ನು ಉಚ್ಚರಿಸಿದವನು ಧರ್ಮಭ್ರಷ್ಟ, ಗುಟ್ಟಾಗಿ ಅವನು ಸಲ್ಲಿಸುವ ಪ್ರಾರ್ಥನೆಯೂ ವ್ಯರ್ಥವೆಂದು ಒಬ್ಬ ಧರ್ಮಪಂಡಿತ ತೀರ್ಪಿತ್ತಿದ್ದನು. ಮೈಮೊನಿಡೀಸ್ ಇದನ್ನು ಉಗ್ರವಾಗಿ ಖಂಡಿಸಿದನು. ಆಳುವವರು ಕೇಳುತ್ತಿರುವುದು ಬಾಯಿಮಾತನ್ನಷ್ಟೆ, ಮರೆಯಲ್ಲಿ ಪಾಲಿಸಿದ ಒಂದೊಂದು ವಿಧಿಗೂ ಬೆಲೆಯಿದೆ, ಅಂಥವರನ್ನು ತಿರಸ್ಕರಿಸಕೂಡದು. ಆದರೆ ಈ ಅನುಕಂಪಕ್ಕೆ ಕಟ್ಟುನಿಟ್ಟಾದ ಷರತ್ತೊಂದಿದೆ. ಆ ನಾಡನ್ನು ಬೇಗನೆ ತೊರೆಯಬೇಕು. ಮೆಸ್ಸೀಯನು ಬರುವವರೆಗೆ ಇಲ್ಲೇ ಇರುತ್ತೇವೆನ್ನುವವರು ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ. 1165ರಲ್ಲಿ ಅವನ ಕುಟುಂಬವೂ ಫೆಜ್ ಬಿಟ್ಟು ಪ್ಯಾಲೆಸ್ಟೀನಿನ ಮೂಲಕ ಈಜಿಪ್ಟಿಗೆ ಸಾಗಿ, ಫುಸ್ತಾತಿನಲ್ಲಿ ನೆಲೆಸಿತು.

1180ರ ಹೊತ್ತಿಗೆ ಪೂರ್ಣಗೊಂಡ ಹದಿನಾಲ್ಕು ಸಂಪುಟಗಳ ‘ಮಿಷ್ನೆ ತೋರಾ’ದ ಮೊದಲ ಸಂಪುಟದಲ್ಲೇ ತೆಷುವಾ ಪ್ರಕರಣವಿದೆ. ತಪ್ಪನ್ನು ಬಿಡುವುದು, ಮರುಗುವುದು, ಮರಳಿ ಮಾಡೆನೆಂದು ನಿಶ್ಚಯಿಸುವುದು, ಬಾಯಿಬಿಟ್ಟು ಒಪ್ಪಿಕೊಳ್ಳುವುದು ಇದರ ಅಂಗಗಳು. ಅದೇ ಸಂದರ್ಭ ಮತ್ತೆ ಒದಗಿ, ಶಕ್ತಿಯಿದ್ದೂ ಹಿಂಜರಿದವನ ಪಶ್ಚಾತ್ತಾಪವೇ ಪೂರ್ಣ. ಮುಪ್ಪಿನಲ್ಲಿ ಬಂದದ್ದೂ ಸಲ್ಲುತ್ತದೆ, ಶ್ರೇಷ್ಠವಲ್ಲ. ಪುಣ್ಯಪಾಪಗಳ ತಕ್ಕಡಿ ಸದಾ ಸಮತೂಕದಲ್ಲಿದೆಯೆಂದೇ ಬಗೆಯಬೇಕು. ಆಗ ಈ ಕ್ಷಣದ ಒಂದು ಕರ್ಮ ತನ್ನ ಜೊತೆಗೆ ಲೋಕದ ತಕ್ಕಡಿಯನ್ನೂ ವಾಲಿಸೀತು. ನಾಳೆಗೆ ಮುಂದೂಡಲು ಇಲ್ಲಿ ಅವಕಾಶವೇ ಇಲ್ಲ. ಮರಳಿದವನ ಹಳೆಯ ನಡತೆಯನ್ನು ಎತ್ತಿ ಆಡುವುದು ಪಾಪ ಎಂಬ ವಿಧಿಯನ್ನು ಫೆಜ್‌ನ ಅನುಭವದ ಹಿನ್ನೆಲೆಯಲ್ಲಿ ಓದಬೇಕಾಗುತ್ತದೆ.

ಸಂಸಾರಕ್ಕೆ ಆಧಾರವಾಗಿದ್ದ ತಮ್ಮ ಡೇವಿಡ್ ಭಾರತದ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತನು. (ಅದೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ದೊರೆತದ್ದೂ ಫುಸ್ತಾತಿನ ಸಿನಗಾಗ್ ಭಂಡಾರದಲ್ಲೇ.) ಸುಮಾರು ಒಂದು ವರ್ಷ ಹಾಸಿಗೆ ಹಿಡಿದ ಮೈಮೊನಿಡೀಸ್ ಆಮೇಲೆ ವೈದ್ಯವೃತ್ತಿಯಿಂದ ಬದುಕಿದನು. ಬೆಳಗಿನಲ್ಲಿ ಕೈರೋದ ಅರಮನೆ, ಹಿಂದಿರುಗಿದರೆ ರಾತ್ರಿಯವರೆಗೆ ಕಾದು ಕುಳಿತ ರೋಗಿಗಳು: 1199ರ ಒಂದು ಪತ್ರದಲ್ಲಿ ಕಾಣುವ ದಿನಚರಿಯಿದು. 1204ರಲ್ಲಿ ನಿಧನನಾದನು; ಸಮಾಧಿ ತಿಬೇರಿಯದಲ್ಲಿದೆಯೆಂಬುದು ಸಂಪ್ರದಾಯ.

ನೊಂದವನು ಸತ್ತಿದ್ದರೆ ಹತ್ತು ಮಂದಿಯೊಡನೆ ಅವನ ಗೋರಿಯ ಬಳಿ ನಿಂತು ತಪ್ಪೊಪ್ಪಿಕೊಳ್ಳಬೇಕೆಂದು ಅವನ ಪ್ರಕರಣ ವಿಧಿಸುತ್ತದೆ. ಅವನ ಗ್ರಂಥಗಳನ್ನು 1230ರ ದಶಕದಲ್ಲಿ ವಿರೋಧಿಸಿದವರಲ್ಲಿ ಪ್ರಮುಖನಾದ ಜೆರೋನಾದ ಯೋನಾ, 1242ರಲ್ಲಿ ಪ್ಯಾರಿಸಿನಲ್ಲಿ ತಾಲ್ಮುದ್ ಪ್ರತಿಗಳು ಸುಟ್ಟ ಬಳಿಕ ಪರಿತಪಿಸಿ, ಆ ಗೋರಿಗೆ ಹೋಗುವ ಹರಕೆ ಹೊತ್ತನೆಂಬ ಐತಿಹ್ಯವಿದೆ. ತೆಷುವಾವನ್ನು ಕುರಿತು ಪ್ರಸಿದ್ಧ ಗ್ರಂಥವೊಂದನ್ನು ಅವನೂ ಬರೆದನು. ಹೊರಟವನನ್ನು ದಾರಿಯ ಊರುಗಳು ಬೋಧನೆಗೆಂದು ತಡೆದು ನಿಲ್ಲಿಸಿದವು. 1260ರ ದಶಕದಲ್ಲಿ ಟೊಲೆಡೊದಲ್ಲೇ ತೀರಿಕೊಂಡನು.